ಒಂದು ಫ್ಲಾಪಿಗೆ ಹಿಡಿಸಿದ ಲಗ್ನಪತ್ರಿಕೆ

ಜಾಗ ಇಲ್ಲ ಎಂದು ಯಾರಾದರೂ ಹೇಳಿದರೆ ನನಗೆ ಇವತ್ತಿಗೂ ಮೈ ಉರಿಯುತ್ತದೆ. ಬಸ್ಸಿನ ಕಂಡಕ್ಟರ್ ಹೇಳಲಿ, ಊಟದ ಪಂಕ್ತಿಯಲ್ಲಿ ನಿಂತವರು ಹೇಳಲಿ, ಕಂಪ್ಯೂಟರಿನ ಪರದೆಯೇ ಹೇಳಲಿ, ನನ್ನ ಬಾಯಿಂದ ಮೊದಲು ಬರುವ ಮಾತು ‘ಸರಿಯಾಗಿ ನೋಡಿ’ ಎಂದೇ. ಮನೆಯವರು ಇದನ್ನು ನನ್ನ ಜಗಳಗಂಟಿತನ ಎನ್ನುತ್ತಾರೆ. ಅನ್ನಲಿ. ಆ ಸಿಟ್ಟಿಗೆ ಒಂದು ಕಾರಣವಿದೆ, ಅದು ಫ್ಲಾಪಿಗಳ ಕಾಲದ್ದು.

ಎರಡು ಸಾವಿರದ ಇಸವಿಯ ಹಿಂದುಮುಂದಿನ ವರ್ಷಗಳಲ್ಲಿ ಸಕಲೇಶಪುರದ ಹೆದ್ದಾರಿ ಬದಿಯಲ್ಲಿ ನನ್ನದೊಂದು ಡಿಟಿಪಿ ಅಂಗಡಿ ಇತ್ತು. ಅಂಗಡಿ ಎಂದರೆ ಗೊಬ್ಬರದ ಅಂಗಡಿಗೂ ಔಷಧಿ ಅಂಗಡಿಗೂ ನಡುವೆ ಉಳಿದಿದ್ದ ಒಂದು ಸಂದು. ಅದಕ್ಕೆ ಶಟರ್ ಹಾಕಿಸಿ ಒಳಗೆ ಒಂದು ಕಂಪ್ಯೂಟರ್, ಒಂದು ಸ್ಕ್ಯಾನರ್, ಒಂದು ಪ್ರಿಂಟರ್ ಇಟ್ಟುಕೊಂಡಿದ್ದೆ. ನಾನು ಎದ್ದು ಹೊರಗೆ ಬರಬೇಕಾದರೆ ಗಿರಾಕಿ ಮೊದಲು ಎದ್ದು ರಸ್ತೆಗೆ ಇಳಿಯಬೇಕು. ಘಟ್ಟ ಇಳಿಯುವ ಲಾರಿ ಹಾದಾಗಲೆಲ್ಲ ಪರದೆ ನಡುಗುತ್ತಿತ್ತು. ಎಸ್ಟೇಟುಗಳ ಬಿಲ್ ಬುಕ್ಕು, ಗೃಹಪ್ರವೇಶದ ಕಾರ್ಡು, ಎಲ್ಲಕ್ಕಿಂತ ಹೆಚ್ಚಾಗಿ ಲಗ್ನಪತ್ರಿಕೆ, ಇವೇ ನನ್ನ ಕೆಲಸ. ಡಿಸೈನ್ ನನ್ನದು, ಮುದ್ರಣ ಹಾಸನದ ಒಂದು ಆಫ್‌ಸೆಟ್ ಪ್ರೆಸ್ಸಿನದು.

ನನ್ನ ಫೈಲು ಹಾಸನಕ್ಕೆ ಹೋಗುತ್ತಿದ್ದದ್ದು ಬಸ್ಸಿನಲ್ಲಿ. ಫೋನ್ ಲೈನಿನ ಇಂಟರ್ನೆಟ್ಟನ್ನು ನಂಬಿ ಕೂತರೆ, ನಮ್ಮ ಕಡೆ ನಾಲ್ಕು ಹನಿ ಬಿದ್ದ ಕೂಡಲೇ ಲೈನು ಸತ್ತು ಮಲಗುತ್ತಿತ್ತು. ಹಾಗಾಗಿ ಫ್ಲಾಪಿಯನ್ನು ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ, ಮೇಲೆ ರಬ್ಬರ್ ಬ್ಯಾಂಡ್ ಹಾಕಿ, ಹತ್ತು ಗಂಟೆಯ ಬಸ್ಸಿನ ಕಂಡಕ್ಟರ್ ಕೈಗೆ ಕೊಡುತ್ತಿದ್ದೆ. ಎಸ್ಟೇಟಿನಲ್ಲಿ ಲೆಕ್ಕ ಬರೆಯುವ ರೈಟರುಗಳ ಕಾಗದಪತ್ರ, ಯಾರದೋ ಔಷಧಿ, ಯಾರದೋ ಕನ್ನಡಕದ ಜೊತೆಗೆ ಅದೂ ಹೋಗುತ್ತಿತ್ತು. ಪ್ರೆಸ್ಸಿನವರು ಹಾಸನದ ಸ್ಟ್ಯಾಂಡಿನಲ್ಲಿ ಇಳಿಸಿಕೊಳ್ಳುತ್ತಿದ್ದರು.

ಒಂದು ಫ್ಲಾಪಿಗೆ ಹಿಡಿಯುವುದು ಒಂದೂವರೆ ಎಂಬಿಗೂ ಕಡಿಮೆ. ಈಗ ಮೊಬೈಲಿನಲ್ಲಿ ಕಳಿಸುವ ಗುಡ್ ಮಾರ್ನಿಂಗ್ ಚಿತ್ರ ಕೂಡ ಅದಕ್ಕಿಂತ ದಪ್ಪ ಇರುತ್ತದೆ. ಮೊದಮೊದಲು ನಾನು ಫೈಲನ್ನು ಜಿಪ್ ಮಾಡಿ, ನಾಲ್ಕೈದು ತುಂಡು ಮಾಡಿ, ನಾಲ್ಕೈದು ಫ್ಲಾಪಿಗೆ ಹಂಚಿ ಕಳಿಸುತ್ತಿದ್ದೆ. ಅದರಲ್ಲಿ ಒಂದು ಕೆಟ್ಟರೆ ಎಲ್ಲವೂ ಕೆಟ್ಟಂತೆ. ಮೂರನೆಯದೇ ಕೆಡುತ್ತಿತ್ತು, ಯಾಕೋ ಗೊತ್ತಿಲ್ಲ. ಪ್ರೆಸ್ಸಿನ ಮಾಲೀಕರು ಫೋನ್ ಮಾಡಿ ಒಂದು ದಿನ ಹೇಳಿಯೇಬಿಟ್ಟರು:

“ನೋಡಮ್ಮ, ಇನ್ಮೇಲೆ ಒಂದು ಕಾರ್ಡಿಗೆ ಒಂದೇ ಫ್ಲಾಪಿ. ಹಿಡಿಸೋಕೆ ಬರಲ್ಲ ಅಂದ್ರೆ ಡಿಸೈನ್ ನಾವೇ ಮಾಡ್ಕೋತೀವಿ. ನೀನು ಸುಮ್ನೆ ಹೆಸರಿನ ಚೀಟಿ ಇಸ್ಕೊಂಡು ಕಳ್ಸು, ಸಾಕು.”

ಹೆಸರಿನ ಚೀಟಿ ಇಸಿದುಕೊಂಡು ಕಳಿಸುವುದಕ್ಕೆ ನಾನೇಕೆ ಬೇಕು, ಆ ಕಂಡಕ್ಟರೇ ಸಾಕಾಗಿತ್ತು. ಅವತ್ತು ಹಲ್ಲು ಕಚ್ಚಿ ಕೂತೆ. ಫೈಲಿನ ಹೊಟ್ಟೆಯೊಳಗೆ ಏನಿರುತ್ತದೆ ಎಂದು ಬಿಚ್ಚಿ ಬಿಚ್ಚಿ ನೋಡಿದೆ.

ಆಗ ಗೊತ್ತಾಯಿತು, ನಾನು ಅದುವರೆಗೆ ಮಾಡುತ್ತಿದ್ದದ್ದು ಶುದ್ಧ ದಡ್ಡತನ. ದೊಡ್ಡ ಫೋಟೊ ತಂದು ಪುಟದ ಮೇಲೆ ಎಳೆದು ಚಿಕ್ಕದು ಮಾಡಿದರೆ ಫೈಲೂ ಚಿಕ್ಕದಾಯಿತು ಎಂದುಕೊಂಡಿದ್ದೆ. ಆಗುವುದಿಲ್ಲ. ಕಣ್ಣಿಗೆ ಮಾತ್ರ ಚಿಕ್ಕದು, ಒಳಗೆ ಇಡೀ ಫೋಟೊ ಹಾಗೇ ಇರುತ್ತದೆ. ಬೇಡದ ಭಾಗ ಕತ್ತರಿಸಿದರೂ ಅಷ್ಟೇ, ಕತ್ತರಿಸಿದ್ದು ಮರೆಯಾಗಿ ಒಳಗೇ ಕೂತಿರುತ್ತದೆ. ನನ್ನಮ್ಮ ಆನೇಮಹಲಿನಲ್ಲಿ ಎಸ್ಟೇಟಿನ ಕೂಲಿ ಲೈನಿನ ಹೆಂಗಸರಿಗೆ ರವಿಕೆ ಹೊಲಿದುಕೊಡುತ್ತಿದ್ದಳು. ಮಿಕ್ಕ ಬಟ್ಟೆಯನ್ನು ಒಳಕ್ಕೆ ಮಡಿಸಿ ಹೊಲಿದರೆ ರವಿಕೆ ಅಳತೆಗೆ ಬರುತ್ತದೆ, ಬಟ್ಟೆ ಎಲ್ಲೂ ಹೋಗಿರುವುದಿಲ್ಲ. ಫೋಟೊ ಕೂಡ ಹಾಗೇ. ಪುಟದ ಮೇಲೆ ಎಷ್ಟು ಅಳತೆಗೆ ಬೇಕೋ ಅಷ್ಟಕ್ಕೇ ಮೊದಲು ಕತ್ತರಿಸಿ, ಅಷ್ಟಕ್ಕೇ ಮತ್ತೆ ಉಳಿಸಿ, ಆಮೇಲೆ ತರಬೇಕು. ಅಕ್ಷರದ ಕೆಳಗೆ ನೆರಳು ಕೊಟ್ಟರೆ ಆ ನೆರಳಿಗೆ ಅಕ್ಷರಕ್ಕಿಂತ ನೂರು ಪಾಲು ಭಾರ. ಇವೆಲ್ಲ ಕಲಿತೆ. ಮೂರು ತಿಂಗಳಲ್ಲಿ ಯಾವ ಕಾರ್ಡನ್ನಾದರೂ ಒಂದೇ ಫ್ಲಾಪಿಗೆ ಕೂರಿಸುವ ಹಟ ಬಂತು. ಪ್ರೆಸ್ಸಿನವರು ಮತ್ತೆ ಚೀಟಿಯ ಮಾತೆತ್ತಲಿಲ್ಲ.

ಆ ವರ್ಷದ ಏಪ್ರಿಲ್ ಸುಮಾರಿಗೆ ಹೆಗ್ಗದ್ದೆಯಿಂದ ಒಬ್ಬ ಹೆಂಗಸು ಬಂದರು. ಐವತ್ತರ ಹತ್ತಿರದ ವಯಸ್ಸು, ಹಣೆ ಖಾಲಿ, ಕೈಯಲ್ಲಿ ಛತ್ರಿ. ಗಂಡ ತೀರಿಕೊಂಡು ಹದಿಮೂರು ವರ್ಷ. ಮೂರೆಕರೆ ಕಾಫಿ ತೋಟವನ್ನು ಒಬ್ಬರೇ ನೋಡಿಕೊಂಡು ಒಬ್ಬಳೇ ಮಗಳನ್ನು ಓದಿಸಿದ್ದರು. ಈಗ ಆ ಮಗಳ ಮದುವೆ. ನೋಟ್ ಬುಕ್ಕಿನ ಹಾಳೆಯೊಂದನ್ನು ಬಿಚ್ಚಿ ನನ್ನ ಮುಂದಿಟ್ಟರು. ಸ್ವಂತ ಕೈಬರಹ. ಆಹ್ವಾನಿಸುವವರ ಜಾಗದಲ್ಲಿ ಮೊದಲು ಅವರ ಹೆಸರು, ಆಮೇಲೆ ಗಂಡನ ಅಣ್ಣ, ಅಂದರೆ ಹುಡುಗಿಯ ದೊಡ್ಡಪ್ಪ, ಅವರ ಹೆಂಡತಿ, ಆಮೇಲೆ ಸೋದರಮಾವಂದಿರು, ಅತ್ತೆಯರು, ಹೀಗೆ ನಲವತ್ತಕ್ಕೂ ಹೆಚ್ಚು ಜನ. ನಮ್ಮ ಕಡೆಯ ಲಗ್ನಪತ್ರಿಕೆಯಲ್ಲಿ ಹೆಸರು ಬಿಟ್ಟರೆ ಮದುವೆಗೇ ಬರದವರಿದ್ದಾರೆ. ಆ ಹಾಳೆಯಲ್ಲಿ ಎಲ್ಲರ ಹೆಸರೂ ದುಂಡಗೆ ದಪ್ಪಗೆ ಇದ್ದವು, ಅವರದು ಮಾತ್ರ ಸಣ್ಣಕ್ಕೆ ಬರೆದುಕೊಂಡಿದ್ದರು.

“ಇದು ಸರಿಯಾಗಿ ಕಾಣ್ತಿಲ್ಲ ಅಂತ ಬಿಟ್ಟುಗಿಟ್ಟೀಯ ಕಣವ್ವ,” ಎಂದು ತಮ್ಮ ಹೆಸರಿನ ಮೇಲೆ ಬೆರಳಿಟ್ಟು ತೋರಿಸಿ ಹೋದರು.

ಎರಡು ದಿನ ಬಿಟ್ಟು, ಡಿಸೈನ್ ನೋಡಲು ಬರುವಾಗ ಆ ದೊಡ್ಡಪ್ಪನೂ ಜೊತೆಗಿದ್ದರು. ಮಗ್ಗೆ ಊರಿನ ಕಡೆಯವರು, ಹೊಸ ಜೀಪು, ಹೊಸ ಬಿಳಿ ಅಂಗಿ. ಧಾರೆ ಎರೆದುಕೊಡುವವರು ಅವರೇ, ದಂಪತಿಯಾಗಿ. ತಂದೆ ಇಲ್ಲದ ಹುಡುಗಿಗೆ ಅದು ಸರಿಯೇ, ನನಗೇನೂ ತಕರಾರಿಲ್ಲ. ಅವರು ಒಂದು ಬಣ್ಣದ ಫೋಟೊ ತಂದಿದ್ದರು, ಹೂ ಬಿಟ್ಟ ಕಾಫಿ ತೋಟದ್ದು. ಸಾಲು ಸಾಲು ಬಿಳಿ ಹೂ, ನಿಜವಾಗಿಯೂ ಚೆನ್ನಾಗಿತ್ತು. ಬಲಗಡೆ ಮೂಲೆಯಲ್ಲಿ ಅವರ ಜೀಪಿನ ಮೂತಿ.

“ಇದು ಕಾರ್ಡ್ ತುಂಬ ಹಿಂದ್ಗಡೆ ಬರ್ಬೇಕು,” ಎಂದರು.

“ಜೀಪು ತೆಗೀಲಾ ಯಜಮಾನ್ರೇ?”

“ಇರ್ಲಿ ಬಿಡಮ್ಮ, ಅದೇನ್ ಮಾಡ್ತೈತೆ ಪಾಪ.”

ಸ್ಕ್ಯಾನ್ ಮಾಡಿ ಹಾಕಿದೆ. ನಾನು ಕಲಿತ ವಿದ್ಯೆಯನ್ನೆಲ್ಲ ಪ್ರಯೋಗಿಸಿದೆ, ಅಳತೆಗೆ ಇಳಿಸಿದೆ, ನೆರಳುಗಳನ್ನು ಕಿತ್ತೆ, ಜಿಪ್ ಮಾಡಿದೆ. ಎರಡು ಎಂಬಿಗಿಂತ ಕೆಳಗೆ ಇಳಿಯಲಿಲ್ಲ. ಇಡೀ ಕಾರ್ಡಿನ ಉದ್ದಗಲಕ್ಕೆ ಬಣ್ಣದ ಫೋಟೊ ಹಾಸಿದರೆ ಇನ್ನೇನಾಗುತ್ತದೆ? ಮದುವೆಗೆ ಹದಿನೈದೇ ದಿನ ಇತ್ತು. ಅವತ್ತು ಸಂಜೆಯೊಳಗೆ ಪ್ರೆಸ್ಸಿಗೆ ಮುಟ್ಟಿದರೆ ಅಚ್ಚಿನ ಪ್ಲೇಟು ಆಗುತ್ತದೆ, ಇಲ್ಲದಿದ್ದರೆ ಮುಂದಿನ ವಾರ. ಮುಂದಿನ ವಾರ ಕಾರ್ಡು ಬಂದರೆ ಹಂಚುವುದು ಯಾವಾಗ? ಇದನ್ನು ಇದ್ದಂತೆ ಹೇಳಿದೆ.

“ಒಂದು ಫ್ಲಾಪಿಗೆ ಹಿಡೀತಿಲ್ಲ ಯಜಮಾನ್ರೇ. ಏನಾದ್ರೂ ಕಡಿಮೆ ಮಾಡ್ಬೇಕು.”

ಅವರು ಪರದೆಗೆ ಮುಖ ತಂದು ಹೆಸರುಗಳನ್ನು ಮೇಲಿನಿಂದ ಕೆಳಗೆ ಓದಿದರು. ಓದಿ, ಮೊದಲನೆಯದರ ಮೇಲೆ ಉಗುರಿಟ್ಟರು.

“ಇದ್ನ ತೆಗಿ. ಜಾಗ ಆಗ್ತೈತೆ.”

ಅವರ ಹಿಂದೆ ಸ್ಟೂಲಿನ ಮೇಲೆ ಕೂತಿದ್ದ ಆ ಹೆಂಗಸು ಛತ್ರಿಯ ಹಿಡಿಯನ್ನು ನೋಡುತ್ತಿದ್ದರು. ಅವರ ಮಗಳ ಮದುವೆಗೆ ಜನರನ್ನು ಕರೆಯುವ ಕಾಗದದಲ್ಲಿ ಅವರ ಹೆಸರಿಗೇ ಜಾಗ ಇಲ್ಲವಂತೆ.

“ಹೆಸರು ತೆಗೆದ್ರೆ ಫೈಲ್ ಇಳಿಯಲ್ಲ,” ಎಂದೆ.

“ನಲವತ್ತು ಹೆಸ್ರು ಐತೆ. ಒಂದು ತೆಗೆದ್ರೆ ಒಂದಿಷ್ಟು ಇಳೀಲೇಬೇಕಲ್ಲ ಮಾರಾಯ್ತಿ. ಅಕ್ಕಿ ಮೂಟೆಯಿಂದ ಸೇರು ತೆಗೆದ್ರೆ ಇಳಿಯಲ್ವಾ?”

ವಾದ ಮಾಡಲಿಲ್ಲ. ಅವರ ಕಣ್ಣ ಮುಂದೆಯೇ ಆ ಹೆಸರನ್ನು ಅಳಿಸಿ, ಫೈಲ್ ಉಳಿಸಿ, ಅಳತೆ ತೋರಿಸಿದೆ. ಎಷ್ಟಿತ್ತೋ ಅಷ್ಟೇ. ಹೆಸರನ್ನು ವಾಪಸ್ ತಂದೆ. ಆಮೇಲೆ ಅವರ ಫೋಟೊದಿಂದ ಜೀಪಿನ ಮೂತಿಯಷ್ಟು ಭಾಗವನ್ನು ಮಾತ್ರ ನಿಜವಾಗಿ ಕತ್ತರಿಸಿ, ಉಳಿಸಿ, ಮತ್ತೆ ಅಳತೆ ತೋರಿಸಿದೆ. ಎದ್ದು ಕಾಣುವಷ್ಟು ಇಳಿದಿತ್ತು.

“ನೋಡಿ ಯಜಮಾನ್ರೇ. ಇವರ ಹೆಸರಿಗೆ ಏನೂ ಭಾರ ಇಲ್ಲ. ನಿಮ್ಮ ಜೀಪಿಗೇ ಇರೋದು.”

ಹೇಳಬಾರದಿತ್ತೇನೋ. ಹೇಳಿದೆ. ಅವರ ಮುಖ ಕೆಂಪಾಯಿತು.

“ಲೆಕ್ಕ ನನಗೆ ಹೇಳ್ಕೊಡಬೇಡ. ಶುಭಕಾರ್ಯದ ಕಾಗದ ಇದು. ತಲೆಮೇಲೇ ಆ ಹೆಸ್ರು ಇದ್ರೆ ನೋಡಿದವ್ರು ಏನಂತಾರೆ? ಶಕುನ ಗಿಕುನ ಏನೂ ಬ್ಯಾಡ್ವಾ? ಧಾರೆ ಎರೆಯೋನು ನಾನು, ಕರೆಯೋನೂ ನಾನೇ.” ಹಿಂದಕ್ಕೆ ತಿರುಗಿ, “ನೀನೇ ಹೇಳು ಇವಳಿಗೆ,” ಎಂದರು.

ಆಕೆ ತಲೆ ಎತ್ತಲಿಲ್ಲ. “ತೆಗೆದ್ಬುಡವ್ವ. ಜಗಳ ಯಾಕೆ.”

“ಒಂದು ಗಂಟೆ ಬಿಟ್ಟು ಬರ್ತೀನಿ. ನಾನೇ ಹಾಸನಕ್ಕೆ ಹೋಗ್ತಾ ಇದ್ದೀನಿ, ಫ್ಲಾಪಿ ನನ್ನ ಕೈಗೇ ಕೊಡು,” ಎಂದು ಹೇಳಿ ದೊಡ್ಡಪ್ಪ ಜೀಪು ಹತ್ತಿ ಹೋದರು.

ಇಲ್ಲಿ ನಾನು ನನ್ನದೇ ಒಂದು ವಿಷಯ ಹೇಳಬೇಕು. ಹೇಳದಿದ್ದರೆ ಮುಂದಿನದನ್ನು ನೀವು ನನ್ನ ದೊಡ್ಡತನ ಎಂದುಕೊಂಡುಬಿಡುತ್ತೀರಿ. ದೊಡ್ಡತನ ಗಿಡ್ಡತನ ಏನೂ ಅಲ್ಲ.

ಅದಕ್ಕೂ ಐದಾರು ವರ್ಷ ಹಿಂದೆ ನಾನು ಆಲೂರಿನಲ್ಲಿ ಒಂದು ಹಳೆಯ ಅಚ್ಚುಕೂಟದಲ್ಲಿ ಕೆಲಸಕ್ಕಿದ್ದೆ. ಸೀಸದ ಅಚ್ಚುಮೊಳೆಗಳನ್ನು ಒಂದೊಂದಾಗಿ ಆರಿಸಿ ಸಾಲು ಜೋಡಿಸುವ ಕೆಲಸ. ನನ್ನಕ್ಕನ ಲಗ್ನಪತ್ರಿಕೆಯನ್ನು ನಾನೇ ಜೋಡಿಸಿದೆ. ನನ್ನಪ್ಪ ಆಗಲೇ ಇರಲಿಲ್ಲ. ಆಹ್ವಾನಿಸುವವರಲ್ಲಿ ಮೊದಲು ಅಮ್ಮನ ಹೆಸರು ಜೋಡಿಸಿದ್ದೆ. ಚಿಕ್ಕಪ್ಪ ಬಂದು ನೋಡಿ, “ಅತ್ತಿಗೆ ಹೆಸ್ರು ಬ್ಯಾಡ ಕಣೆ, ಶುಭಕಾರ್ಯ,” ಎಂದರು. ಅಚ್ಚುಕೂಟದವರೂ ಹೌದೌದು ಎಂದರು. ನನಗೆ ಆಗ ಹತ್ತೊಂಬತ್ತು. ಎದುರು ಮಾತಾಡಲಿಲ್ಲ. ಜೋಡಿಸಿದ್ದ ಅಮ್ಮನ ಹೆಸರನ್ನು ನನ್ನ ಕೈಯಾರೆ ಒಂದೊಂದೇ ಮೊಳೆಯಾಗಿ ಕಿತ್ತು, ಅದರದರ ಖಾನೆಗೆ ವಾಪಸ್ ಹಾಕಿದೆ.

ಕಾರ್ಡು ಮನೆಗೆ ತಂದಾಗ ಅಮ್ಮ ಹೊಲಿಗೆ ಮೆಷಿನ್ ನಿಲ್ಲಿಸಿ ಅದನ್ನು ಓದಿದಳು. ತಿರುಗಿಸಿ ಹಿಂಬದಿ ನೋಡಿದಳು.

“ನಂದಿಲ್ವಾ?”

“ಜಾಗ ಸಾಲ್ಲಿಲ್ಲಮ್ಮ,” ಎಂದೆ.

“ಹೌದಾ,” ಎಂದು ಸೂಜಿಗೆ ದಾರ ಪೋಣಿಸಿಕೊಂಡಳು. ಅಷ್ಟೇ ಆದದ್ದು. ಚಿಕ್ಕಪ್ಪನನ್ನು ನಾನು ಎಂದೋ ಕ್ಷಮಿಸಿಬಿಟ್ಟೆ, ಅವರು ತಿಳಿದಷ್ಟು ಹೇಳಿದರು. ಆ ಜಾಗದ ಮಾತು ಮಾತ್ರ ನನ್ನದು. ಈಗ ಐದಾರು ವರ್ಷದ ಮೇಲೆ ನನ್ನದೇ ಅಂಗಡಿಯಲ್ಲಿ, ನನ್ನದೇ ಕಂಪ್ಯೂಟರಿನ ಮುಂದೆ ಇನ್ನೊಬ್ಬರು ಅದೇ ಮಾತನ್ನು ಆಡಿ ಹೋಗಿದ್ದರು.

ಅಂಗಡಿಯಲ್ಲಿ ನಾವಿಬ್ಬರೇ ಉಳಿದಿದ್ದೆವು. ಎದುರಿನ ಹೋಟೆಲಿನಿಂದ ಎರಡು ಕಾಫಿ ತರಿಸಿದೆ. ಆಕೆ ಒಂದು ಗುಟುಕು ಕುಡಿದು ಮೂಗು ಮುರಿದರು, ಚಿಕೋರಿ ಜಾಸ್ತಿ ಎಂದರು.

“ಅಮ್ಮ, ಅವರು ಹೋದ್ರು. ಈಗ ಹೇಳಿ. ನಿಮಗೆ ಹೆಸರು ಬೇಕೋ ಬ್ಯಾಡ್ವೋ? ಬ್ಯಾಡ ಅಂದ್ರೆ ಈಗಲೇ ತೆಗೀತೀನಿ, ಇನ್ನೊಂದು ಮಾತು ಆಡಲ್ಲ.”

ಆಕೆ ಲೋಟ ಖಾಲಿ ಮಾಡಿ ಕೆಳಗಿಟ್ಟರು.

“ಮಳೆ ಬರದೆ ಹೋದ ವರ್ಷ ಹೂವಿಗೆ ನೀರು ಹೊಡ್ಸಿದ್ದು ಯಾರು? ನಾನು. ಆನೆ ಬಂದು ಬೇಲಿ ತುಳಿದು ಹೋದಾಗ ರೇಂಜರ್ ಆಫೀಸಿಗೆ ನಡೆದೋಳು ಯಾರು? ನಾನು. ಆಳು ಕರೆಯೋಕೆ ಬೆಳಿಗ್ಗೆ ಎದ್ದು ಮನೆ ಮನೆ ಬಾಗ್ಲಿಗೆ ಹೋಗೋಳೂ ನಾನೇ. ಅವಾಗೆಲ್ಲ ಯಾರೂ ಶಕುನ ನೋಡ್ಲಿಲ್ಲ. ಮಗಳ ಮದ್ವೆಗೆ ಬನ್ನಿ ಅಂತ ನಾಕು ಜನ್ರನ್ನ ಕರೆಯೋಕೆ ಮಾತ್ರ ನಾನು ಆಗಲ್ವಂತೆ.” ಸೆರಗಿನಿಂದ ಬಾಯಿ ಒರೆಸಿಕೊಂಡರು. “ಇರ್ಲಿ ಕಣವ್ವ. ಹಾಕು. ಏನಾಗ್ತೈತೋ ಆಗ್ಲಿ.”

ನನಗೆ ಬೇಕಿದ್ದದ್ದು ಅಷ್ಟೇ.

ಮೊದಲು ಫೋಟೊವನ್ನು ಪೂರ್ತಿ ಕಿತ್ತು ಹಾಕಿದೆ. ಫೈಲು ಒಮ್ಮೆಲೇ ಹಗುರಾಯಿತು. ಆದರೆ ದೊಡ್ಡಪ್ಪ ಯಜಮಾನರಿಗೆ ಹೂ ಬೇಕಲ್ಲ, ಆಕೆಗೂ ಬೇಕಿತ್ತು. ಹಾಗಾಗಿ ಮೌಸ್ ಹಿಡಿದು ಗೆರೆಗಳಲ್ಲೇ ಒಂದು ಕಾಫಿ ಕೊಂಬೆ ಬರೆದೆ. ಉದ್ದಕ್ಕೆ ಒಂದು ಕಡ್ಡಿ, ಗಿಣ್ಣು ಗಿಣ್ಣಿಗೆ ಹೂವಿನ ಗೊಂಚಲು, ಎರಡೆರಡು ಎಲೆ. ಆಕೆ ಹಿಂದೆ ನಿಂತು, “ಎಲೆ ಅಂಚು ಇಷ್ಟು ನೆಟ್ಟಗಿರಲ್ಲ, ಸ್ವಲ್ಪ ಅಲೆ ಅಲೆ ಇರ್ತೈತೆ,” ಎಂದು ತಿದ್ದಿಸಿದರು. ಗೆರೆಯ ಚಿತ್ರಕ್ಕೆ ಭಾರವೇ ಇಲ್ಲ. ಇಡೀ ತೋಟಕ್ಕಿಂತ ಆ ಒಂದು ಕೊಂಬೆ ಚೆನ್ನಾಗಿತ್ತು, ನಾನೇ ಬರೆದದ್ದೆಂದು ಹೇಳುತ್ತಿಲ್ಲ.

ಆಮೇಲೆ ಹೆಸರುಗಳ ಕೆಲಸ. ಅಕ್ಷರಗಳನ್ನು ಪ್ರೆಸ್ಸಿಗೆ ಎರಡು ರೀತಿ ಕಳಿಸಬಹುದು. ಟೈಪ್ ಮಾಡಿದ ಹಾಗೇ ಕಳಿಸಿದರೆ ಹಗುರ, ಆದರೆ ಅಲ್ಲಿ ಕೂತವರು ಯಾವ ಹೆಸರನ್ನು ಬೇಕಾದರೂ ಒಂದು ಕೀಲಿ ಒತ್ತಿ ಅಳಿಸಬಹುದು. ಅಕ್ಷರಗಳನ್ನೇ ಗೆರೆಯಾಗಿ ಬದಲಿಸಿಬಿಟ್ಟರೆ ಅದು ಚಿತ್ರವಾಗುತ್ತದೆ. ಭಾರ ಜಾಸ್ತಿ, ತಿದ್ದಲು ಬರುವುದಿಲ್ಲ. ನಾನು ಯಾವಾಗಲೂ ಮೊದಲನೆಯ ರೀತಿಯೇ ಕಳಿಸುತ್ತಿದ್ದೆ, ಪ್ರೆಸ್ಸಿನವರು ಅದನ್ನು ಓಪನ್ ಫೈಲ್ ಎನ್ನುತ್ತಿದ್ದರು. ಅವತ್ತು ಫೋಟೊ ಹೋಗಿ ಉಳಿದ ಜಾಗವನ್ನೆಲ್ಲ ಹೆಸರುಗಳಿಗೆ ಕೊಟ್ಟೆ. ಎಲ್ಲ ಹೆಸರನ್ನೂ ಗೆರೆ ಮಾಡಿ, ಆ ಗೆರೆಗಳನ್ನೂ ಹೂವಿನ ಕೊಂಬೆಯನ್ನೂ ಸೇರಿಸಿ ಒಂದೇ ತುಂಡು ಮಾಡಿದೆ. ಮೊದಲ ಹೆಸರು ಕೊಂಬೆಯ ನಡುಮಧ್ಯದಲ್ಲಿತ್ತು. ಅಕ್ಷರದ ಒತ್ತುಗಳ ನಡುವೆ ಕಡ್ಡಿ ಹಾದುಹೋಗಿತ್ತು, ಹೂಗಳು ಎರಡು ಕಡೆಯಿಂದ ಒತ್ತರಿಸಿಕೊಂಡಿದ್ದವು. ಬೇಕೆಂದೇ ಮಾಡಿದೆ. ಇಲ್ಲ ಎನ್ನುವುದಿಲ್ಲ.

ಜಿಪ್ ಮಾಡಿದಾಗ ಒಂದು ಎಂಬಿಗಿಂತ ಸ್ವಲ್ಪ ಮೇಲೆ ನಿಂತಿತು. ಫ್ಲಾಪಿ ಕರಕರ ಎಂದು ನುಂಗಿಕೊಂಡಿತು.

ಯಜಮಾನರು ಬಂದರು. ಮುಚ್ಚಿಡುವ ಬುದ್ಧಿ ನನಗಿಲ್ಲ, ಪ್ರಿಂಟ್ ತೆಗೆದು ಕೈಗೇ ಕೊಟ್ಟೆ. ಓದಿದರು. ಮೊದಲನೆಯ ಸಾಲಿನಲ್ಲಿ ನಿಂತರು. ಅವರ ತಮ್ಮನ ಹೆಂಡತಿ ಈ ಸಲ ತಲೆ ತಗ್ಗಿಸಲಿಲ್ಲ.

“ಇರ್ಲಿ ಅಂದೆ ಭಾವ,” ಎಂದರು.

ಯಜಮಾನರು ಕೂಗಾಡಲಿಲ್ಲ. ಫ್ಲಾಪಿಯನ್ನು ಅಂಗಿಯ ಜೇಬಿಗೆ ಹಾಕಿಕೊಂಡು ನಕ್ಕರು. “ಪ್ರೆಸ್ಸಿನವ್ರು ನನಗೂ ಗೊತ್ತು ಬಿಡಿ. ಅಲ್ಲಿ ನೋಡ್ಕೋತೀನಿ.”

ಅವರು ಹಾಗೇ ಮಾಡುತ್ತಾರೆಂದು ನನಗೂ ಗೊತ್ತಿತ್ತು. ಆಕೆ ಹೆಗ್ಗದ್ದೆಯ ಬಸ್ಸಿಗೆ ಹೊರಟರು, ನಾನು ಫೋನಿನ ಪಕ್ಕ ಕೂತೆ.

ನಾಲ್ಕೂವರೆಗೆ ಫೋನ್ ಬಂತು. ಪ್ರೆಸ್ಸಿನ ಮಾಲೀಕರು.

“ಏನಮ್ಮ ಇದು, ಹಿಂಗ್ ಕಳ್ಸಿದ್ದೀಯ? ಒಂದು ಹೆಸ್ರು ತೆಗೀಬೇಕಂತೆ, ಮುಟ್ಟಿದ್ರೆ ಎಲ್ಲಾ ಒಟ್ಟಿಗೇ ಬರ್ತೈತೆ. ಓಪನ್ ಫೈಲ್ ಇಟ್ಕೊಂಡಿರು, ಯಾರನ್ನಾದ್ರೂ ಕಳುಸ್ತೀನಿ.”

ಓಪನ್ ಫೈಲು ನನ್ನ ಕಂಪ್ಯೂಟರಿನಲ್ಲಿತ್ತು, ಕಣ್ಣೆದುರೇ. ಒಂದು ಕೈಯಲ್ಲಿ ರಿಸೀವರ್ ಹಿಡಿದು ಇನ್ನೊಂದು ಕೈಯಲ್ಲಿ ಅದನ್ನು ಅಳಿಸಿದೆ. ಕಸದ ಬುಟ್ಟಿಗೆ ಹೋಗಿ ಅಲ್ಲಿಂದಲೂ ಅಳಿಸಿದೆ.

“ಇಲ್ಲ ಸಾರ್. ಅಳಿಸ್ಬುಟ್ಟೆ.”

“ಯಾಕೆ?”

ಜಾಗ ಇರಲಿಲ್ಲ ಎನ್ನುವ ಮಾತು ನಾಲಿಗೆಯ ತುದಿಗೆ ಬಂತು. ಹೇಳಿದ್ದರೆ ಅವರು ನಂಬುತ್ತಿದ್ದರು, ಮಾತು ಅಲ್ಲಿಗೇ ಮುಗಿಯುತ್ತಿತ್ತು. ನುಂಗಿಕೊಂಡೆ.

“ಯಾರೂ ಆ ಹೆಸರು ತೆಗೀಬಾರ್ದು ಅಂತ ಸಾರ್. ಅವರು ಹುಡುಗಿ ತಾಯಿ.”

ಅವರ ಪಕ್ಕದಲ್ಲೇ ನಿಂತಿದ್ದ ಯಜಮಾನರ ದನಿ ಕೇಳಿಸಿತು, “ಬಿಳೀ ಪಟ್ಟಿ ಹಾಕಿ ಮುಚ್ಚ್ಬುಡಿ ಮಾರಾಯ್ರೆ, ಏನಂತೆ.” ಸ್ವಲ್ಪ ಹೊತ್ತು ಕೀಲಿಗಳ ಸದ್ದು. ಆಮೇಲೆ ಮಾಲೀಕರು ಅವರಿಗೆ ಹೇಳುತ್ತಿದ್ದದ್ದೂ ಕೇಳಿಸಿತು:

“ನೋಡಿ, ಮುಚ್ಚಿದ್ರೆ ಕೊಂಬೆ ಮಧ್ಯಕ್ಕೆ ಮುರಿದಂಗೆ ಕಾಣ್ತೈತೆ. ಲಗ್ನಪತ್ರಿಕೆ ತಲೆಮೇಲೆ ಹೂ ಬಿಟ್ಟ ಕೊಂಬೆ ಮುರ್ದಿದ್ರೆ ಆಗ್ತೈತಾ? ನೀವೇ ಹೇಳಿ.”

ಶಕುನ ನೋಡುವವರಿಗೆ ಶಕುನವೇ ಅಡ್ಡ ಬಂತು. ಯಜಮಾನರು ಏನು ಹೇಳಿದರೋ ಕೇಳಿಸಲಿಲ್ಲ. ಮಾಲೀಕರು ನನಗೆ, “ಪ್ಲೇಟಿಗೆ ಹಾಕ್ತಿದ್ದೀನಿ. ಇನ್ನೊಂದ್ಸಲ ಹಿಂಗೆ ಮಾಡಿದ್ರೆ ನಿನ್ನ ಕೆಲಸ ತಗೊಳ್ಳಲ್ಲ,” ಎಂದು ಬೈದು ಫೋನಿಟ್ಟರು. ತಗೊಂಡರು, ಆಮೇಲೂ ಎಷ್ಟೋ ವರ್ಷ.

ಕಾರ್ಡು ಬಂದ ಎರಡನೆಯ ದಿನ ಆಕೆ ಅಂಗಡಿಗೆ ಬಂದರು. ಛತ್ರಿ, ಚೀಲ, ಚೀಲದ ತುಂಬ ಕಾರ್ಡು. ಹಂಚಲು ತಾವೇ ಹೊರಟಿದ್ದರು. ಒಂದು ಕಾರ್ಡಿನ ಮೇಲೆ ನನ್ನ ಹೆಸರು ಬರೆದು ತಂದಿದ್ದರು.

“ಬರ್ಲೇಬೇಕು ಕಣವ್ವ. ನಾನು ಕರೀತಾ ಇದ್ದೀನಿ.”

‘ನಾನು’ ಎನ್ನುವಾಗ ಕಾರ್ಡಿನ ಮೇಲೆ ಒಂದು ಬೆರಳು ಇಟ್ಟರು. ನಾನು ಮದುವೆಗೆ ಹೋದೆ. ಯಜಮಾನರು ಬಾಗಿಲಲ್ಲಿ ನಿಂತು ಪನ್ನೀರು ಹಾಕಿಸಿ, ಊಟ ಮಾಡಿಕೊಂಡು ಹೋಗು ಎಂದು ಗಟ್ಟಿಯಾಗಿಯೇ ಹೇಳಿದರು.

ಆದರೆ ನನ್ನ ಲೆಕ್ಕ ಇನ್ನೂ ಬಾಕಿ ಇತ್ತು. ಮದುವೆಗೂ ಮೊದಲೇ, ಕಾರ್ಡು ಸಿಕ್ಕಿದ ದಿನವೇ ಅದನ್ನು ಆನೇಮಹಲಿಗೆ ಒಯ್ದು ಅಮ್ಮನ ಕೈಗೆ ಕೊಟ್ಟಿದ್ದೆ. ಅವಳು ಮೆಷಿನ್ ನಿಲ್ಲಿಸಿ, ಕನ್ನಡಕ ಹಾಕಿಕೊಂಡು ಓದಿದಳು.

“ಇವ್ರಿಗೆ ಗಂಡ ಇಲ್ವಾ?”

“ಇಲ್ಲ.”

“ಹೆಸ್ರು ಮೊದ್ಲೇ ಐತಲ್ಲ.”

“ಅಮ್ಮ, ಅಕ್ಕನ ಕಾರ್ಡಿನಲ್ಲಿ ಜಾಗ ಇತ್ತು,” ಎಂದುಬಿಟ್ಟೆ. “ನಾನು ಸುಳ್ಳು ಹೇಳ್ದೆ. ನಿನ್ನ ಹೆಸ್ರು ಜೋಡಿಸಿದ್ದೆ, ಆಮೇಲೆ ನಾನೇ ಕಿತ್ತೆ.” ಅಳು ಬಂತು. ಇಷ್ಟು ವರ್ಷ ಇಟ್ಟುಕೊಂಡದ್ದು, ಬರದೆ ಏನಾಗುತ್ತದೆ.

ಅಮ್ಮ ಕನ್ನಡಕ ತೆಗೆದಳು.

“ನಂಗೊತ್ತಿತ್ತು ಕಣೆ. ಆ ಕಾರ್ಡಿನ ಕೆಳಗಡೆ ಎರಡು ಬೆರಳು ಜಾಗ ಖಾಲಿ ಇತ್ತು. ದಿನಾ ಬಟ್ಟೆ ಅಳೆಯೋಳು ನಾನು, ಜಾಗ ಎಷ್ಟೈತೆ ಅಂತ ಕಾಣಲ್ವಾ ನಂಗೆ? ಕೇಳಿದ್ರೆ ನೀನು ಹೋಗಿ ಚಿಕ್ಕಪ್ಪನ ಮೇಲೆ ಜಗಳ ತೆಗೀತಿದ್ದೆ, ಇರೋ ಕೆಲಸ ಬಿಟ್ಬುಡ್ತಿದ್ದೆ. ಅದಕ್ಕೇ ಹೌದಾ ಅಂದೆ.” ಕಾರ್ಡನ್ನು ಮಡಿಸಿ ಮೆಷಿನ್ನಿನ ಡ್ರಾಯರಿನಲ್ಲಿ ಇಟ್ಟಳು. “ನಿಂದು ಮಾಡೋವಾಗ ಹಾಕು.”

ನನ್ನ ಲಗ್ನಪತ್ರಿಕೆಗೆ ಇನ್ನೂ ನಾಲ್ಕು ವರ್ಷ ಹಿಡಿಯಿತು. ಅಷ್ಟು ಹೊತ್ತಿಗೆ ಸಿಡಿ ಬಂದಿತ್ತು, ಪೆನ್ ಡ್ರೈವ್ ಬಂದಿತ್ತು, ಪ್ರೆಸ್ಸಿನವರು ಎಷ್ಟು ದೊಡ್ಡ ಫೈಲಾದರೂ ಕಳಿಸು ಎನ್ನುತ್ತಿದ್ದರು. ನಾನು ಹಟಕ್ಕೆ ಬಿದ್ದು ಫ್ಲಾಪಿಯಲ್ಲೇ ಕಳಿಸಿದೆ. ಒಂದೇ ಬಣ್ಣ, ಫೋಟೊ ಇಲ್ಲ, ನೆರಳಿಲ್ಲ. ಕರೆಯುವವರ ಜಾಗದಲ್ಲಿ ಒಂದೇ ಹೆಸರು, ನನ್ನಮ್ಮನದು. ಉಳಿಸಿ ನೋಡಿದರೆ ಆ ಫ್ಲಾಪಿ ಇನ್ನೂ ಖಾಲಿ ಇದ್ದಂತೆಯೇ ಇತ್ತು.